ಅಲ್ಬೇನಿಯಾ: ಮತ್ತೆ ಮತ್ತೆ ಹೋದಾಗ ತಿದ್ದಿಕೊಳ್ಳಬೇಕಾದ ಮೊದಲ ಅನಿಸಿಕೆಗಳು

ನಕ್ಷೆಪ್ರಿಯ

ಅಲ್ಬೇನಿಯಾಕ್ಕೆ ಒಂದೇ ಸಲ ಹೋಗಿ ಬಂದವರ ಬರಹಗಳಲ್ಲಿ ನಾಲ್ಕು ಮಾತು ಪದೇ ಪದೇ ಬರುತ್ತವೆ: ಅಂಗಡಿಯವರು ಹತ್ತು ಪಟ್ಟು ಬೆಲೆ ಹೇಳುತ್ತಾರೆ, ಊರ ತುಂಬ ಅರ್ಧಕ್ಕೆ ನಿಂತ ಮನೆಗಳು, ಏಳೂವರೆ ಲಕ್ಷ ಬಂಕರ್‌ಗಳು, ಅದು ದೇವರನ್ನೇ ಬಿಟ್ಟ ದೇಶ. ಎರಡನೇ ಸಲ, ಮೂರನೇ ಸಲ ಹೋದವರಿಗೆ ಈ ನಾಲ್ಕೂ ಬೇರೆಯಾಗಿ ಕಾಣುತ್ತವೆ. ತಿಳಿದವರು ತಿದ್ದಲಿ, ಸೇರಿಸಲಿ ಎಂದು ಈ ಎಳೆ ಶುರು ಮಾಡುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. 1965ರಲ್ಲಿ ಹತ್ತು ಹಳೇ ಲೆಕ್‌ಗೆ ಒಂದು ಹೊಸ ಲೆಕ್ ಎಂದು ನಾಣ್ಯ ಬದಲಾಯಿತು. ಜನರ ಬಾಯಲ್ಲಿ ಮಾತ್ರ ಹಳೇ ಲೆಕ್ಕ ಇವತ್ತಿಗೂ ಹೋಗಿಲ್ಲ. 500 ಲೆಕ್‌ನ ಹಣ್ಣಿಗೆ ಸಂತೆಯ ಅಜ್ಜಿ "ಪೆಸ ಮಿಯ", ಅಂದರೆ ಐದು ಸಾವಿರ ಅನ್ನುತ್ತಾರೆ. ಅದರಲ್ಲಿ ಮೋಸವಿಲ್ಲ. ಬೋರ್ಡು, ಬಿಲ್ಲಿನಲ್ಲಿ ಬರೆದದ್ದು ಹೊಸ ಲೆಕ್. ಬಾಯಲ್ಲಿ ಹೇಳಿದ್ದು ಹಳೆಯದಿರಬಹುದು. ಅನುಮಾನ ಬಂದರೆ "ತ ರೆಯಾ ಅಪೊ ತ ವ್ಯೆತ್ರಾ?" ಎಂದು ಕೇಳಿ: ಹೊಸದೋ ಹಳೆಯದೋ. ನಮಗೆ ಇನ್ನೊಂದು ಅನುಕೂಲವಿದೆ. ಈಚಿನ ವರ್ಷಗಳಲ್ಲಿ ಒಂದು ಲೆಕ್ ಹೆಚ್ಚುಕಡಿಮೆ ಒಂದು ರೂಪಾಯಿಯ ಆಸುಪಾಸಿನಲ್ಲಿದೆ, ಹಾಗಾಗಿ ಕಿವಿಗೆ ಬಿದ್ದ ಬೆಲೆ ಅಸಂಬದ್ಧ ಅನ್ನಿಸಿದ ಕೂಡಲೇ ಒಂದು ಸೊನ್ನೆ ತೆಗೆದು ನೋಡಬಹುದು. ರಾಜಧಾನಿ ತಿರಾನಾದಲ್ಲಿ ಸಿಟಿ ಬಸ್ಸಿಗೆ 40 ಲೆಕ್, ಮಾಮೂಲಿ ಕೆಫೆಯಲ್ಲಿ ಒಂದು ಎಸ್ಪ್ರೆಸೊಗೆ 100ರಿಂದ 150. ನಿಜವಾಗಿ ಎಡವಟ್ಟಾಗುವುದು ಟ್ಯಾಕ್ಸಿಯಲ್ಲಿ. ಅಲ್ಲಿ ಹಳೆಯದೂ ಹೊಸದೂ ಎರಡೂ ನಂಬುವ ಹಾಗೇ ಇರುತ್ತವೆ. ಹತ್ತುವ ಮೊದಲು ಮೊಬೈಲಿನಲ್ಲಿ ಅಂಕಿ ಒತ್ತಿಸಿ ತೋರಿಸಿಕೊಳ್ಳಿ.

ಹುಬ್ಬಳ್ಳಿ ಮಂದಿ

ಛಲೋ ವಿಷಯ ತಗದ್ರಿ. ದುಡ್ಡಿನ ಮಾತಿಗೆ ಇನ್ನೊಂದು ಸೇರಸ್ರಿ: ಎಟಿಎಂ. ಭಾಳ ಬ್ಯಾಂಕಿನವ್ರು ಹೊರದೇಶದ ಕಾರ್ಡಿಗೆ ಒಂದ್ ಸಲಕ್ಕ 500ರಿಂದ 800 ಲೆಕ್ ಮುರ್ಕೋತಾರ. ಸಣ್ಣ ಸಣ್ಣ ಮೊತ್ತ ತಗದ್ರ ಅರ್ಧ ಅಲ್ಲೇ ಹೋಗ್ತದ. ಯೂರೋ ನೋಟು ಒಯ್ದು ಪ್ಯಾಟ್ಯಾಗಿನ ವಿನಿಮಯ ಅಂಗಡಿಯೊಳಗ ಬದಲಾಯಿಸೋದ ಅಗ್ಗ. ಅಲ್ಲಿ ಕೊಳ್ಳೋ ದರಕ್ಕೂ ಮಾರೋ ದರಕ್ಕೂ ಅಂತರ ಕಡಿಮಿ. ಹಳ್ಳಿ ಕಡೆ, ಗುಡ್ಡದ ಕಡೆ ಕಾರ್ಡ್ ನಡಿಯೂದಿಲ್ಲ, ಹೊರಡೋ ಮುಂಚೆ ಉತ್ತರದ ಶ್ಕೊದ್ರಾ ಊರಾಗ ಕಿಸೆ ತುಂಬಿಸ್ಕೊಳ್ರಿ.

ಮತ್ತ ವೀಸಾ? ನಮ್ಮ ಪಾಸ್‌ಪೋರ್ಟಿಗೆ ಹೆಂಗ?

ನಕ್ಷೆಪ್ರಿಯ

@ಹುಬ್ಬಳ್ಳಿ ಮಂದಿ, ಅಲ್ಬೇನಿಯಾ ಷೆಂಗೆನ್ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ಒಳಗಿಲ್ಲ. ಆದರೆ ಹಲವು ಸಲ ಪ್ರವೇಶಿಸಬಹುದಾದ ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಚಾಲ್ತಿಯಲ್ಲಿದ್ದು, ಕೊಟ್ಟ ದೇಶದಲ್ಲಿ ಒಮ್ಮೆಯಾದರೂ ಬಳಸಿದ್ದರೆ ಅಲ್ಬೇನಿಯಾದ ಬೇರೆ ವೀಸಾ ಬೇಡ. "ಒಮ್ಮೆಯಾದರೂ ಬಳಸಿದ್ದರೆ" ಎಂಬುದನ್ನು ಓದದೆ, ಹೊಸ ಷೆಂಗೆನ್ ಮುದ್ರೆ ಹಿಡಿದು ಬೆಂಗಳೂರಿನಿಂದ ನೇರ ತಿರಾನಾಕ್ಕೆ ಟಿಕೆಟ್ ಮಾಡಿಸಿದವರನ್ನು ವಿಮಾನ ಹತ್ತಿಸದೆ ಇರಬಹುದು. ಒಂದೇ ಪ್ರವೇಶದ ಷೆಂಗೆನ್ ಇದ್ದರೆ ಇಟಲಿ ಅಥವಾ ಗ್ರೀಸಿಗೆ ವಾಪಸ್ ಹೋಗುವ ದಾರಿಯೂ ಮುಚ್ಚುತ್ತದೆ. ಈ ವಿಧಗಳಲ್ಲಿ ಯಾವುದೂ ಇಲ್ಲದವರಿಗೆ ಇ-ವೀಸಾ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ತೆಗೆಯುವ ದಿನ ಅವರ ವಿದೇಶಾಂಗ ಇಲಾಖೆಯ ತಾಣ ನೋಡಿ.

ಬಾಣಲೆ

ಬರೀ ತರಕಾರಿ ತಿನ್ನುವವರಿಗೆ ಏನು ಗತಿ? ಎಲ್ಲರೂ ಕುರಿಮಾಂಸದ ಫೋಟೋಗಳನ್ನೇ ಹಾಕುತ್ತಾರೆ.

ರೊಟ್ಟಿಬುತ್ತಿ

ಬಾಣಲೆ ಅವರೇ, ನಮ್ಮ ನಾಲಿಗೆಗೆ ಹೊಂದುವುದು ಬೇಕಾದಷ್ಟಿದೆ. ಕೇಳುವ ಕ್ರಮ ಗೊತ್ತಿರಬೇಕು, ಅಷ್ಟೇ.

"ನುಕ್ ಹಾ ಮಿಶ್" ಅಂದರೆ ಮಾಂಸ ತಿನ್ನುವುದಿಲ್ಲ. "ಪಾ ಮಿಶ್" ಅಂದರೆ ಮಾಂಸವಿಲ್ಲದೆ. ಆದರೆ ಇಷ್ಟು ಹೇಳಿದರೆ ತುಂಡು ತೆಗೆದು ಬಡಿಸುತ್ತಾರೆಯೇ ಹೊರತು ಸಾರು ಬದಲಾಗುವುದಿಲ್ಲ. ಬಿಳಿ ಬೀನ್ಸ್ ಕಾಳಿನ ಫಸೂಲೆಯನ್ನು ಎಷ್ಟೋ ಕಡೆ ಮೂಳೆ ಹಾಕಿ ಬೇಯಿಸುತ್ತಾರೆ, ಪಿಲಾಫನ್ನು ಮಾಂಸದ ಸಾರಿನಲ್ಲಿ ಮಾಡುತ್ತಾರೆ. ಅದಕ್ಕೆ "ಪಾ ಲಂಗ್ ಮಿಶಿ" ಎಂದು ಸೇರಿಸಿ, ಮಾಂಸದ ಸಾರೂ ಬೇಡ ಎಂದು. ಬ್ಯುರೆಕ್ ಅನ್ನುವುದು ತೆಳು ಹಾಳೆಗಳ ಪದರದ ತಿಂಡಿ, ಬೆಳಗಿನ ಹೊತ್ತಿಗೆ ಅದೇ ಸರಿ. ಪಾಲಕಿನದ್ದು "ಮೆ ಸ್ಪಿನಾಕ್", ಗ್ಯೀಜದ್ದು "ಮೆ ಗ್ಯೀಜ". ಗ್ಯೀಜ ಅಂದರೆ ಮೊಸರನ್ನೋ ಮಜ್ಜಿಗೆಯನ್ನೋ ಕಾಯಿಸಿ ಒಡೆಸಿ, ಬಟ್ಟೆಯಲ್ಲಿ ಸೋಸಿ ಉಪ್ಪು ಹಾಕಿದ ಗಿಣ್ಣು. ಬ್ಯುರೆಕ್ ಜೊತೆ ಕುಡಿಯುವುದು ಧಾಲ. ಹೆಸರು ಬೇರೆ, ವಸ್ತು ನಮ್ಮ ಉಪ್ಪು ಮಜ್ಜಿಗೆಯೇ.

ತಿರಾನಾದ ಫರ್ಗೆಸದಲ್ಲಿ ಎರಡು ಜಾತಿ ಇವೆ. "ಮೆ ಸ್ಪೆಚಾ" ದೊಣ್ಣೆಮೆಣಸಿನದ್ದು, "ಮೆ ಮಲ್ಚಿ" ಯಕೃತ್ತಿನದ್ದು. ಪಟ್ಟಿಯಲ್ಲಿ ಬರೀ ಫರ್ಗೆಸ ಎಂದಿದ್ದರೆ ಯಾವುದೆಂದು ಕೇಳಿಯೇ ತರಿಸಿ.

ಮನೆಯಲ್ಲಿ ಮಾಡುವುದಕ್ಕೆ, ನಾಲ್ಕು ಜನರಿಗೆ: ಕೆಂಪು ದೊಣ್ಣೆಮೆಣಸು ಅರ್ಧ ಕೆಜಿ, ಹಣ್ಣಾದ ಟೊಮೆಟೊ 4, ಗ್ಯೀಜ ಕಾಲು ಕೆಜಿ, ಬೆಣ್ಣೆ 2 ದೊಡ್ಡ ಚಮಚ, ಮೈದಾ 1 ದೊಡ್ಡ ಚಮಚ. ಗ್ಯೀಜಕ್ಕೆ ಒಂದು ಲೀಟರ್ ಗಟ್ಟಿ ಮೊಸರನ್ನು ಸಣ್ಣ ಉರಿಯಲ್ಲಿ ಒಡೆಸಿ, ಬಟ್ಟೆಯಲ್ಲಿ ಎರಡು ಗಂಟೆ ತೂಗುಹಾಕಿ. ಮೆಣಸನ್ನು ಉರಿಯ ಮೇಲೆ ಬದನೆಕಾಯಿ ಸುಟ್ಟ ಹಾಗೆ ಸುಟ್ಟು, ಮುಚ್ಚಿಟ್ಟು, ಸಿಪ್ಪೆ ಸುಲಿದು ಹೆಚ್ಚಿ. ಟೊಮೆಟೊ ಸಿಪ್ಪೆ ತೆಗೆದು ಬೇರೆಯಾಗಿ ಬಾಡಿಸಿ, ನೀರು ಪೂರ್ತಿ ಇಂಗಬೇಕು. ಬೆಣ್ಣೆಯಲ್ಲಿ ಮೈದಾ ಒಂದು ನಿಮಿಷ ಹುರಿದು, ಉರಿ ತಗ್ಗಿಸಿ ಗ್ಯೀಜ ಕದಡಿ, ಮೆಣಸು ಟೊಮೆಟೊ ಸೇರಿಸಿ. ಮಣ್ಣಿನ ಪಾತ್ರೆಯಲ್ಲಿ 180 ಡಿಗ್ರಿಗೆ 15ರಿಂದ 20 ನಿಮಿಷ.

ನೀರು ಬಿಟ್ಟುಕೊಂಡರೆ ಟೊಮೆಟೊ ಸರಿಯಾಗಿ ಇಂಗಿಲ್ಲ ಎಂದರ್ಥ. ಮರಳು ಮರಳಾದರೆ ಗ್ಯೀಜ ಹಾಕುವಾಗ ಉರಿ ಜೋರಿತ್ತು. ಉಪ್ಪನ್ನು ಕೊನೆಗೆ, ರುಚಿ ನೋಡಿಯೇ ಹಾಕಿ. ಪನೀರ್ ಹಾಕಿದರೆ ಆಗುತ್ತದಾ ಎಂದು ಕೇಳುವವರಿದ್ದಾರೆ: ಪನೀರಿಗೆ ಹುಳಿಯಿಲ್ಲ, ಈ ಅಡುಗೆಯ ಜೀವವೇ ಆ ಹುಳಿ.

ತಿಂದು ಮುಗಿಸಿದ ಮೇಲೆ ಅಡುಗೆ ಮಾಡಿದವರಿಗೆ "ತ ಲುಮ್ಶಿನ್ ದುವಾರ್ತ್" ಅನ್ನಿ. ನಿಮ್ಮ ಕೈಗಳಿಗೆ ಒಳ್ಳೆಯದಾಗಲಿ ಎಂದು. ಬರೀ ಥ್ಯಾಂಕ್ಸ್‌ಗಿಂತ ಇದು ಎಷ್ಟೋ ತೂಕದ ಮಾತು.

ಘಟ್ಟದ ಹಾದಿ

ತಲೆ ಅಲ್ಲಾಡಿಸುವ ವಿಷಯ ಯಾರೂ ಎತ್ತಲಿಲ್ಲ. ಅಲ್ಲಿ ತಲೆಯನ್ನು ಎಡಬಲಕ್ಕೆ ಆಡಿಸಿದರೆ ಹೌದು. ಮೇಲಕ್ಕೆ ಎತ್ತಿ ನಾಲಿಗೆಯಲ್ಲಿ "ಚ್" ಅಂದರೆ ಇಲ್ಲ. ನಾವು "ಸರಿ ಸರಿ" ಎಂದು ತೂಗುವ ತಲೆ ಅವರಿಗೆ ಹೌದು ಎಂದೇ ಕಾಣುವುದರಿಂದ, ಇನ್ನೊಂದು ಗ್ಲಾಸ್ ರಾಕಿ (ಅಲ್ಲಿನ ಮದ್ಯ) ಬೇಡ ಅನ್ನಬೇಕಾದವರು ಕೈಯನ್ನು ಎದೆಯ ಮೇಲಿಟ್ಟು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಪೇಟೆಯ ಹುಡುಗರು ಪ್ರವಾಸಿಗಳ ಜೊತೆ ನಮ್ಮ ಕಡೆಯ ರೀತಿಯನ್ನೂ ಬಳಸುತ್ತಾರೆ, ಅದರಿಂದ ಗೊಂದಲ ದುಪ್ಪಟ್ಟು. ತಲೆ ನೋಡಬೇಡಿ, ಮಾತಿಗೆ ಕಾಯಿರಿ: "ಪೊ" ಹೌದು, "ಯೊ" ಇಲ್ಲ.

ಊರ ಹೆಸರಿನದ್ದೂ ಹೀಗೇ. ಅಲ್ಬೇನಿಯನ್ ಭಾಷೆಯಲ್ಲಿ ನಾಮಪದಕ್ಕೆ ನಿರ್ದಿಷ್ಟ, ಅನಿರ್ದಿಷ್ಟ ಎಂದು ಎರಡು ರೂಪ. ನಕ್ಷೆಯಲ್ಲಿ ತಿರಾನಾ, ಶ್ಕೊದ್ರಾ, ಸರಾಂದಾ ಎಂದಿದ್ದರೆ ಬಸ್ಸಿನ ಗಾಜಿನ ಮೇಲೆ ತಿರಾನ್, ಶ್ಕೊದರ್, ಸರಾಂದ್ ಎಂದಿರಬಹುದು. ಬೇರೆ ಊರೆಂದುಕೊಂಡು ಬಿಟ್ಟುಬಿಡಬೇಡಿ.

ಫುರ್ಗೊನ್ ಅನ್ನುವುದು ನಮ್ಮ ಮ್ಯಾಕ್ಸಿಕ್ಯಾಬ್ ಥರದ ವ್ಯಾನ್. ಊರ ಹೆಸರಿನ ಫಲಕ ಗಾಜಿನ ಹಿಂದೆ, ತುಂಬಿದ ಮೇಲೆ ಹೊರಡುತ್ತದೆ, ದುಡ್ಡು ಇಳಿಯುವಾಗ ಕೈಗೆ. ದೂರದ ಗುಡ್ಡದ ಊರುಗಳಿಗೆ ಬೆಳಿಗ್ಗೆಯೇ ಹೋಗಿಬಿಡುತ್ತವೆ, ಮಧ್ಯಾಹ್ನ ಊಟ ಮುಗಿಸಿ ನಿಲ್ದಾಣಕ್ಕೆ ಹೋದರೆ ಖಾಲಿ ಬಯಲು ಸಿಗುತ್ತದೆ. ತಿರಾನಾದಲ್ಲಿ ರೈಲು ನಿಲ್ದಾಣ ಹುಡುಕಬೇಡಿ. ಹಳೆಯದನ್ನು 2013ರಲ್ಲಿ ಕೆಡವಿದರು.

ಕಲ್ಲುಚಪ್ಪಡಿ

ಅರ್ಧಕ್ಕೆ ನಿಂತ ಮನೆಗಳ ಮಾತಿಗೆ ಬರುತ್ತೇನೆ. ತಾರಸಿಯ ಮೇಲೆ ಕಂಬಿಗಳು ಚಾಚಿಕೊಂಡಿರುವುದು ದುಡ್ಡಿಲ್ಲದೆ ಬಿಟ್ಟದ್ದಕ್ಕಲ್ಲ, ಮುಂದಿನ ಮಹಡಿಗೆ ಜಾಗ ಇಟ್ಟುಕೊಂಡಿರುವುದಕ್ಕೆ. ಮಕ್ಕಳು ಇಟಲಿ, ಗ್ರೀಸ್, ಜರ್ಮನಿಯಲ್ಲಿ ದುಡಿಯುತ್ತಾರೆ, ಹಣ ಬಂದ ಹಾಗೆ ಒಂದೊಂದೇ ಅಂತಸ್ತು ಏರುತ್ತದೆ. ನಮ್ಮ ಊರುಗಳಲ್ಲೂ ಮೇಲಿನ ಮಹಡಿಗೆಂದು ಕಂಬಿ ಬಿಟ್ಟ ಮನೆಗಳು ಕಡಿಮೆಯೇನಿಲ್ಲ, ಆದರೂ ಅಲ್ಲಿ ಕಂಡಾಗ ಪಾಳು ಅನ್ನಿಸಿಬಿಡುತ್ತದೆ.

ಅದೇ ಕಂಬಿಗೆ ಒಂದು ಹಳೇ ಬೊಂಬೆಯೋ ಹುಲ್ಲು ತುಂಬಿದ ಮನುಷ್ಯಾಕೃತಿಯೋ ನೇತಾಡುತ್ತಿರುತ್ತದೆ. ಹೆಸರು ದೊರ್ದೊಲೆಟ್ಸ್, ಅಂದರೆ ಬೆದರುಬೊಂಬೆ. ಹೊಸ ಮನೆಗೆ "ಸ್ಯುರಿ ಇ ಕೆಚ್", ಕೆಟ್ಟ ಕಣ್ಣು ತಾಗದಿರಲಿ ಎಂದು. ನಮ್ಮಲ್ಲಿ ಕಟ್ಟುತ್ತಿರುವ ಮನೆಗೆ ದೃಷ್ಟಿಬೊಂಬೆ, ಬೂದುಗುಂಬಳ ಕಟ್ಟುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಹಳೇಕಡತ

ನಕ್ಷೆಪ್ರಿಯ ಅವರು ಬಂಕರ್ ಸಂಖ್ಯೆ ಎತ್ತಿದ್ದು ಒಳ್ಳೆಯದಾಯಿತು. ಏಳೂವರೆ ಲಕ್ಷ ಎಂಬ ಅಂಕಿ ಎಲ್ಲ ಕಡೆ ಓಡಾಡುತ್ತದೆ. ಕಟ್ಟಿ ಮುಗಿಸಿದ್ದು ಸುಮಾರು 1,73,000. ಅದೂ ಕಡಿಮೆಯಲ್ಲ: ಇವತ್ತಿನ ಜನಸಂಖ್ಯೆಯೇ 24 ಲಕ್ಷದ ಆಸುಪಾಸು. ರಸ್ತೆ ಬದಿಯಲ್ಲಿ, ಹೊಲದಲ್ಲಿ ಕಾಣುವ ಅಣಬೆಯಂಥವು ಒಬ್ಬಿಬ್ಬರು ಸೈನಿಕರಿಗೆ. ಕಾರ್ಖಾನೆಯಲ್ಲಿ ಎರಕ ಹೊಯ್ದು ತಂದು ಜೋಡಿಸಿದವು. ದೊಡ್ಡವು ಸುಮಾರು 8 ಮೀಟರ್ ವ್ಯಾಸದ್ದು. ಗುಮ್ಮಟದ ಆಕಾರ ಕೊಟ್ಟ ಎಂಜಿನಿಯರ್ ಯೊಸಿಫ್ ಜಗಾಲಿಯನ್ನೇ 1974ರಲ್ಲಿ ವಿಧ್ವಂಸಕ ಕೆಲಸ ಮಾಡಿದನೆಂದು ಜೈಲಿಗೆ ಹಾಕಿದರು. ಅಂಕಿಗಿಂತ ಈ ಸಂಗತಿ ಆ ಕಾಲವನ್ನು ಚೆನ್ನಾಗಿ ಹೇಳುತ್ತದೆ.

ಯಾಕೆ ಕಟ್ಟಿದರು ಎಂಬುದಕ್ಕೆ ಮೂರು ವರ್ಷಗಳನ್ನು ನೆನಪಿಡಿ. ಕಮ್ಯುನಿಸ್ಟ್ ಸರ್ವಾಧಿಕಾರಿ ಎನ್ವರ್ ಹೊಜಾ 1944ರಿಂದ 1985ರಲ್ಲಿ ಸಾಯುವವರೆಗೆ ಅಧಿಕಾರದಲ್ಲಿದ್ದ. 1948ರಲ್ಲಿ ಯುಗೊಸ್ಲಾವಿಯಾ ಜೊತೆ ಮುರಿಯಿತು, 1961ರಲ್ಲಿ ಸೋವಿಯತ್ ಜೊತೆ, 1978ರಲ್ಲಿ ಚೀನಾ ಜೊತೆ. ಸುತ್ತ ಎಲ್ಲರೂ ಶತ್ರುಗಳು ಎಂಬ ನಂಬಿಕೆಯೇ ಕಾಂಕ್ರೀಟಾಯಿತು. ಖಾಸಗಿ ಕಾರು ಇಟ್ಟುಕೊಳ್ಳಲು 1991ರವರೆಗೆ ಅನುಮತಿ ಇರಲಿಲ್ಲ.

ತಿರಾನಾದಲ್ಲಿ ನೋಡುವ ಕ್ರಮ ಹೀಗಿರಲಿ: ಮೊದಲು "ಎಲೆಗಳ ಮನೆ", ಗುಪ್ತ ಪೊಲೀಸರ ಕದ್ದಾಲಿಕೆಯ ಮ್ಯೂಸಿಯಂ. ಆಮೇಲೆ ಬಂಕರನ್ನೇ ಮ್ಯೂಸಿಯಂ ಮಾಡಿದ, ನಗರದ ನಡುವಿನ ಬಂಕ್‌ಆರ್ಟ್ 2. ದಾಯ್ತಿ ಗುಡ್ಡದ ಕೇಬಲ್ ಕಾರ್ ಬಳಿಯ ಬಂಕ್‌ಆರ್ಟ್ 1ಕ್ಕೆ ಬೇರೆ ಅರ್ಧ ದಿನ ಇಡಿ. ಐದು ಅಂತಸ್ತು, ನೂರಕ್ಕೂ ಮಿಕ್ಕಿದ ಕೋಣೆಗಳು, ಬೇಸಿಗೆಯಲ್ಲೂ ಒಳಗೆ ಚಳಿ. ಒಂದೇ ದಿನ ಮೂರನ್ನೂ ಮುಗಿಸಲು ಹೊರಟವರಿಗೆ ಕೊನೆಯದರಲ್ಲಿ ಏನೂ ತಲೆಗೆ ಹೋಗುವುದಿಲ್ಲ.

ಬಾಣಲೆ

ತಿರಾನಾದ ಪಿರಮಿಡ್ಡಿಗೂ 1997ರ ಪಿರಮಿಡ್ ಹಗರಣಕ್ಕೂ ಸಂಬಂಧ ಇದೆಯಾ?

ಹಳೇಕಡತ

ಇಲ್ಲ ಮೇಡಂ, ಹೆಸರು ಮಾತ್ರ ಒಂದು. ಕಟ್ಟಡ 1988ರಲ್ಲಿ ಹೊಜಾನ ಸ್ಮಾರಕ ಮ್ಯೂಸಿಯಂ ಆಗಿ ತೆರೆಯಿತು. ಈಗ ಹೊರಗೋಡೆಗೆ ಮೆಟ್ಟಿಲು ಹಾಕಿ 2023ರಲ್ಲಿ ಮತ್ತೆ ತೆರೆದಿದ್ದಾರೆ, ಒಳಗೆ ಮಕ್ಕಳು ತಂತ್ರಜ್ಞಾನ ಕಲಿಯುತ್ತಾರೆ. ಹಗರಣ ಬೇರೆ: ಹೊಸ ಠೇವಣಿದಾರರ ದುಡ್ಡಿನಲ್ಲಿ ಹಳಬರಿಗೆ ಭಾರಿ ಬಡ್ಡಿ ಕೊಡುತ್ತಿದ್ದ ಕಂಪನಿಗಳು 1997ರ ಮೊದಲ ತಿಂಗಳುಗಳಲ್ಲಿ ಕುಸಿದವು. ಅವುಗಳ ಬಾಕಿ ದೇಶದ ವಾರ್ಷಿಕ ಉತ್ಪನ್ನದ ಅರ್ಧದ ಹತ್ತಿರ ಇತ್ತು. ಜನ ಸೇನೆಯ ಶಸ್ತ್ರಾಗಾರಗಳನ್ನು ಒಡೆದರು, ಸುಮಾರು 2,000 ಮಂದಿ ಸತ್ತರು. ಮನೆ ಮಾರಿ, ಕುರಿ ಮಾರಿ ದುಡ್ಡು ಹಾಕಿದವರಿದ್ದರು. ನಡುವಯಸ್ಸು ದಾಟಿದವರ ಜೊತೆ ಇದನ್ನು ಕುತೂಹಲಕ್ಕೆಂದು ಕೆದಕಬೇಡಿ, ಅವರೇ ಎತ್ತಿದರೆ ಕೇಳಿಸಿಕೊಳ್ಳಿ.

ಕಲ್ಲುಚಪ್ಪಡಿ

ಇನ್ನೊಂದು ತಪ್ಪು ತಿಳಿವಳಿಕೆ ಕ್ರುಯಾದ್ದು. ಕೋಟೆಯೊಳಗಿನ ದೊಡ್ಡ ಕಲ್ಲಿನ ಕಟ್ಟಡವನ್ನು ಒಟ್ಟೊಮನ್ನರ ಎದುರು ಹೋರಾಡಿದ ವೀರ ಸ್ಕಂದರ್‌ಬೇಗ್‌ನ ಅರಮನೆ ಎಂದು ಫೋಟೋ ಹಾಕುತ್ತಾರೆ. ಅದು 1982ರಲ್ಲಿ ತೆರೆದ ಮ್ಯೂಸಿಯಂ, ವಿನ್ಯಾಸ ಮಾಡಿದವರಲ್ಲಿ ಹೊಜಾನ ಮಗಳು ಪ್ರನ್ವೇರಾ ಒಬ್ಬರು. ಒಳಗಿನ ಚಿತ್ರಗಳನ್ನು ಹದಿನೈದನೇ ಶತಮಾನದ ಸಾಕ್ಷ್ಯ ಎಂದಲ್ಲ, 1980ರ ದಶಕದ ಸರಕಾರ ತನ್ನ ವೀರನನ್ನು ಹೇಗೆ ನೋಡಬಯಸಿತು ಎಂದು ಓದಬೇಕು. ನಿಜವಾದ ಹಳೆಯ ಗೋಡೆ, ಗೋಪುರ ಸುತ್ತಲೂ ಇವೆ. ಸ್ಕಂದರ್‌ಬೇಗ್ ಇಲ್ಲಿ ಬಾವುಟ ಏರಿಸಿದ್ದು 1443ರ ನವೆಂಬರ್ 28ರಂದು ಎನ್ನುತ್ತಾರೆ. ವ್ಲೊರಾದಲ್ಲಿ ಸ್ವಾತಂತ್ರ್ಯ ಸಾರಿದ್ದು 1912ರ ಅದೇ ತಾರೀಕು. ನವೆಂಬರ್ 28, 29 ಎರಡೂ ರಜೆ. ಬ್ಯಾಂಕು, ಕಚೇರಿ ಮುಚ್ಚಿರುತ್ತವೆ, ಬಸ್ಸು ಕಡಿಮೆ.

ಪುರಾತನ ಪಾಳುನಗರ ಬುತ್ರಿಂತ್‌ನ ಬ್ಯಾಪ್ಟಿಸ್ಟರಿಯ (ಕ್ರೈಸ್ತ ದೀಕ್ಷಾಸ್ನಾನದ ಕಟ್ಟಡ) ಮೊಸಾಯಿಕ್ ನೋಡಲೆಂದೇ ಹೋಗುವವರು ಗಮನಿಸಿ: ಅದನ್ನು ಕಾಪಾಡಲು ಮರಳು ಮುಚ್ಚಿಟ್ಟಿರುತ್ತಾರೆ, ತೆರೆಯುವುದು ಅಪರೂಪ. ಚಿತ್ರ ನೋಡಿಕೊಂಡು ಹೋಗಿ ನಿರಾಶರಾಗಬೇಡಿ, ಥಿಯೇಟರ್ ಮತ್ತು ಬೆಸಿಲಿಕಾಕ್ಕೆ ಹೊತ್ತು ಕೊಡಿ.

ಹುಬ್ಬಳ್ಳಿ ಮಂದಿ

ದೇವರಿಲ್ಲದ ದೇಶ ಅನ್ನೋದು ಯಾರರ ಬಿಡಸಿ ಹೇಳ್ರಿ.

ಹಳೇಕಡತ

1967ರಲ್ಲಿ ಮಸೀದಿ, ಚರ್ಚು ಎಲ್ಲ ಮುಚ್ಚಿಸಿದರು, 1976ರ ಸಂವಿಧಾನದಲ್ಲಿ ಸರಕಾರ ಯಾವ ಧರ್ಮವನ್ನೂ ಒಪ್ಪುವುದಿಲ್ಲ ಎಂದು ಬರೆದರು. ಶ್ಕೊದ್ರಾದ ಕೆಥೆಡ್ರಲ್ ಕ್ರೀಡಾಂಗಣವಾಯಿತು. 1990ರ ನವೆಂಬರಿನಲ್ಲಿ ಅದೇ ಊರಿನ ಸ್ಮಶಾನದಲ್ಲಿ ಪಾದ್ರಿ ಸಿಮೊನ್ ಯುಬಾನಿ ಬಹಿರಂಗವಾಗಿ ಪೂಜೆ ನಡೆಸಿದರು. 1991ರ ಜನವರಿಯಲ್ಲಿ ತಿರಾನಾದ ಎಥೆಮ್ ಬೇ ಮಸೀದಿಯೊಳಗೆ ಜನ ಅಪ್ಪಣೆಗೆ ಕಾಯದೆ ನುಗ್ಗಿ ನಮಾಜು ಮಾಡಿದರು. ಹಾಗಾಗಿ ಅದು ದೇವರನ್ನು ಬಿಟ್ಟ ದೇಶವಲ್ಲ, ಬಲವಂತದಿಂದ ಬಿಡಿಸಿದ ದೇಶ. ಸುನ್ನಿ, ಬೆಕ್ತಾಶಿ, ಕ್ಯಾಥೊಲಿಕ್, ಆರ್ಥೊಡಾಕ್ಸ್ ನಾಲ್ಕೂ ಇವೆ. ಬೆಕ್ತಾಶಿ ಸೂಫಿ ಪಂಥದ ಜಾಗತಿಕ ಕೇಂದ್ರ ತಿರಾನಾದಲ್ಲೇ ಇದೆ, ಆಗಸ್ಟ್ 20ರಿಂದ 25ರವರೆಗೆ ತೊಮೊರ್ ಬೆಟ್ಟಕ್ಕೆ ದೊಡ್ಡ ಜಾತ್ರೆ.

ಮದರ್ ತೆರೇಸಾ ಹುಟ್ಟಿದ್ದು 1910ರಲ್ಲಿ ಸ್ಕೋಪಿಯೆಯಲ್ಲಿ, ಅಲ್ಬೇನಿಯನ್ ಕುಟುಂಬದಲ್ಲಿ. ತಿರಾನಾದ ವಿಮಾನ ನಿಲ್ದಾಣಕ್ಕೆ ಅವರದ್ದೇ ಹೆಸರು. ಭಾರತದವರು ಎಂದ ಕೂಡಲೇ ಅಲ್ಲಿನವರು ಆ ಹೆಸರು ತೆಗೆಯುವುದು ಇದಕ್ಕೇ.

ಶ್ರುತಿಪೆಟ್ಟಿಗೆ

ದಕ್ಷಿಣದ ಐಸೊ ಹಾಡುಗಾರಿಕೆ ಬಗ್ಗೆ ಹೇಳದೆ ಇರಲಾಗುವುದಿಲ್ಲ. ಯುನೆಸ್ಕೊ 2005ರಲ್ಲೇ ಗುರುತಿಸಿದ ಕಲೆ. ಒಬ್ಬ ಎತ್ತಿಕೊಳ್ಳುತ್ತಾನೆ, ಇನ್ನೊಬ್ಬ ಎದುರು ದನಿಯಲ್ಲಿ ತಿರುಗಿಸುತ್ತಾನೆ, ಉಳಿದವರು ಕೆಳಗೆ ಒಂದೇ ಸ್ವರ ಹಿಡಿದಿರುತ್ತಾರೆ. ಆ ಹಿಡಿದ ಸ್ವರವೇ ಐಸೊ, ನಮ್ಮ ತಂಬೂರಿ ಶ್ರುತಿಯ ಕೆಲಸ. ಆದರೆ ತಂಬೂರಿಗೆ ಉಸಿರು ಬೇಡ. ತೊಸ್ಕ್ ಸೀಮೆಯವರು "ಎ" ಎಂಬ ಒಂದೇ ಅಕ್ಷರದ ಮೇಲೆ ಶ್ರುತಿ ನಿಲ್ಲಿಸಿ, ಒಬ್ಬರಾದ ಮೇಲೆ ಒಬ್ಬರು ಉಸಿರು ತೆಗೆದುಕೊಳ್ಳುತ್ತಾರೆ. ಇಬ್ಬರು ಮೂವರು ಒಟ್ಟಿಗೆ ಉಸಿರೆಳೆದರೆ ನೆಲ ಕುಸಿದ ಹಾಗೆ ಹಾಡು ಬೀಳುತ್ತದೆ. ಲಾಬ್ ಸೀಮೆಯಲ್ಲಿ ಶ್ರುತಿಯೂ ಕೆಲವೊಮ್ಮೆ ಸಾಹಿತ್ಯದ ಲಯಕ್ಕೆ ತಾನೂ ನುಡಿಯುತ್ತದೆ. ಗ್ಯಿರೊಕಾಸ್ತ್ರ ಕೋಟೆಯ ರಾಷ್ಟ್ರೀಯ ಜಾನಪದ ಉತ್ಸವ ಹಲವು ವರ್ಷಗಳಿಗೊಮ್ಮೆ ಮಾತ್ರ, ಅದನ್ನೇ ನಂಬಿ ಹೋಗಬೇಡಿ. ಹೋಟೆಲಿನ ವೇದಿಕೆಗಿಂತ ಮದುವೆ ಮನೆಯಲ್ಲಿ, ಮೇಜಿನ ಸುತ್ತ ಕೂತವರಲ್ಲಿ ಕೇಳಬೇಕು.

ಘಟ್ಟದ ಹಾದಿ

ಉತ್ತರದ ಕಾಲುದಾರಿ ಕೇಳುವವರಿಗೆ, ವಾಲ್ಬೊನಾದಿಂದ ಥೆಥ್.

ಹಿಂದಿನ ರಾತ್ರಿ ಶ್ಕೊದ್ರಾದಲ್ಲಿ ಉಳಿದು, ದೊಡ್ಡ ಚೀಲ ಅಲ್ಲೇ ಬಿಡಿ. ದಾರಿ ಸುತ್ತಿ ಮತ್ತೆ ಅದೇ ಊರಿಗೆ ಬರುತ್ತದೆ. ಬೆಳಿಗ್ಗೆ ಆರೂವರೆಯ ಹೊತ್ತಿಗೆ ವ್ಯಾನ್, ಒಂಬತ್ತಕ್ಕೆ ಕೊಮಾನ್ ಜಲಾಶಯದ ದೋಣಿ, ಫಿಯರ್ಜಾಕ್ಕೆ ಎರಡೂವರೆಯಿಂದ ಮೂರು ಗಂಟೆ, ಅಲ್ಲಿಂದ ವ್ಯಾನಿನಲ್ಲಿ ವಾಲ್ಬೊನಾ. ವ್ಯಾನು, ದೋಣಿ, ಮತ್ತೆ ವ್ಯಾನು ಮೂರನ್ನೂ ವಸತಿಯವರ ಮೂಲಕ ಒಟ್ಟಿಗೆ ಕಾದಿರಿಸಿ. ಒಂದು ಕೊಂಡಿ ತಪ್ಪಿದರೆ ಇಡೀ ದಿನ ಹೋಯಿತು.

ಮರುದಿನ ನಡಿಗೆ ಆರರಿಂದ ಎಂಟು ಗಂಟೆ. ಗುಡ್ಡ ದಾಟುವ ಜಾಗದ ಎತ್ತರ ಸುಮಾರು 1,800 ಮೀಟರ್. ಮೊದಲ ಭಾಗ ಒಣಗಿದ ಹೊಳೆಯ ಬಿಳಿ ಕಲ್ಲಿನ ಮೇಲೆ, ನೆರಳೇ ಇಲ್ಲ. ಏಳಕ್ಕೆ ಮೊದಲೇ ಹೊರಡಿ, ಎರಡು ಲೀಟರ್ ನೀರು ಹೊರಿ. ಬೇಸಿಗೆಯಲ್ಲಿ ದಾರಿಯಲ್ಲಿ ಸಣ್ಣ ಕೆಫೆಗಳಿವೆ, ಜೂನ್ ಆರಂಭದಲ್ಲಿ, ಅಕ್ಟೋಬರಿನಲ್ಲಿ ಮುಚ್ಚಿರಬಹುದು. ಹತ್ತುವುದಕ್ಕಿಂತ ಥೆಥ್ ಕಡೆ ಇಳಿಯುವುದೇ ಮಂಡಿಗೆ ಕಷ್ಟ, ಕೋಲು ಇರಲಿ. ಕುಮಾರಪರ್ವತ ಒಂದೇ ದಿನದಲ್ಲಿ ಹತ್ತಿ ಇಳಿದವರಿಗೆ ಇದು ಆಗುತ್ತದೆ. ಮೇ ತಿಂಗಳಲ್ಲಿ ಮೇಲೆ ಹಿಮ ಗಟ್ಟಿಯಾಗಿರುತ್ತದೆ, ಆಗ ಮಾರ್ಗದರ್ಶಕರಿಲ್ಲದೆ ಹೋಗಬಾರದು.

ಕಲ್ಲುಚಪ್ಪಡಿ

ಥೆಥ್‌ನಲ್ಲಿ ಒಂದು ಕಲ್ಲಿನ ಗೋಪುರವಿದೆ, ಕುಲ್ಲಾ. ಕೊಲೆಗೆ ಕೊಲೆ ಎಂಬ ಸೇಡಿಗೆ ಗುರಿಯಾದ ಮನೆಯ ಗಂಡಸರು ಅಡಗಿ ಕೂರುತ್ತಿದ್ದ ಜಾಗ. ಕಿಟಕಿಗಳು ಯಾಕೆ ಅಷ್ಟು ಕಿರಿದು ಎಂದು ಒಳಗೆ ನಿಂತರೆ ತಿಳಿಯುತ್ತದೆ.

ಇದರ ಹಿಂದಿರುವುದು ಕಾನೂನ್, ಉತ್ತರದ ಗುಡ್ಡಗಾಡಿನ ಕಟ್ಟುಕಟ್ಟಳೆ. ಬಾಯಿಂದ ಬಾಯಿಗೆ ಬಂದದ್ದನ್ನು ಪಾದ್ರಿ ಶ್ತ್ಯೆಫೆನ್ ಗ್ಯೆಚೊವಿ ಸಂಗ್ರಹಿಸಿದರು, 1933ರಲ್ಲಿ ಪುಸ್ತಕವಾಯಿತು. ಅಲ್ಬೇನಿಯನ್ನನ ಮನೆ ದೇವರದ್ದು ಮತ್ತು ಅತಿಥಿಯದ್ದು ಎಂಬ ಮಾತು ಅದರಲ್ಲಿದೆ. ಬೆಸಾ, ಅಂದರೆ ಕೊಟ್ಟ ಮಾತು, ಅದರ ನಡುಗಂಬ. ಎರಡನೇ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಮನೆಗಳಲ್ಲಿ ಅಡಗಿಸಿ ಉಳಿಸಿದ್ದಕ್ಕೆ ಅವರು ಕೊಡುವ ಕಾರಣವೂ ಅದೇ. ಯುದ್ಧ ಮುಗಿದಾಗ ಅಲ್ಲಿ ಮೊದಲಿಗಿಂತ ಹೆಚ್ಚು ಯೆಹೂದ್ಯರಿದ್ದರು.

ರೊಟ್ಟಿಬುತ್ತಿ

ಕಲ್ಲುಚಪ್ಪಡಿ ಸರ್, ಅದೇ ಕಾನೂನ್ ಹೆಣ್ಣನ್ನು ಹೊರೆ ಹೊರುವ ತೊಗಲ ಚೀಲ ಅನ್ನುತ್ತದೆ ಎಂಬುದನ್ನೂ ಹೇಳಬೇಕು. ಮನೆಯಲ್ಲಿ ಗಂಡಸರಿಲ್ಲದಾಗ ಹೆಣ್ಣು ಆಸ್ತಿ ನೋಡಿಕೊಳ್ಳಬೇಕಾದರೆ ಜೀವಮಾನವಿಡೀ ಮದುವೆಯಾಗುವುದಿಲ್ಲ ಎಂದು ಆಣೆ ಮಾಡಿ, ಗಂಡುಡುಪು ತೊಟ್ಟು ಬುರ್ನೇಶಾ ಆಗಬೇಕಿತ್ತು. ಫೋಟೋ ತೆಗೆಯುವವರಿಗೆ ಅದು ವಿಚಿತ್ರ ಸಂಪ್ರದಾಯ. ಬದುಕಿದವರಿಗೆ ಇದ್ದ ಒಂದೇ ಬಾಗಿಲು. ಅತಿಥಿ ಸತ್ಕಾರವನ್ನಷ್ಟೇ ಹೊಗಳಿ ನಿಲ್ಲಿಸಿದರೆ ಅರ್ಧ ಹೇಳಿದ ಹಾಗೆ.

ಕಲ್ಲುಚಪ್ಪಡಿ

ಒಪ್ಪಿದೆ ಮೇಡಂ. ಬೆಸಾದ ಇನ್ನೊಂದು ಅರ್ಥವೂ ರಕ್ತದ ಲೆಕ್ಕಕ್ಕೇ ಸೇರಿದ್ದು: ಕೊಲೆಯಾದ ಮೇಲೆ 24 ಗಂಟೆಯ ಕದನವಿರಾಮ, ಊರವರು ಕೇಳಿದರೆ 30 ದಿನ. ಮಾತು ಕೊಡುವುದು ಎಂಬುದು ಅಲ್ಲಿ ಮೊದಲು ಕೊಲ್ಲದೆ ಇರುವ ಗಡುವು.

ಬಾಣಲೆ

ಯಾರದಾದರೂ ಮನೆಗೆ ಕರೆದರೆ ಏನು ಒಯ್ಯಬೇಕು?

ರೊಟ್ಟಿಬುತ್ತಿ

ಕಾಫಿಪುಡಿ, ಸಿಹಿ, ಮಕ್ಕಳಿದ್ದರೆ ಚಾಕೊಲೇಟ್. ದುಡ್ಡು ಕೊಡಲು ಹೋಗಬೇಡಿ, ನೊಂದುಕೊಳ್ಳುತ್ತಾರೆ. ಚಪ್ಪಲಿ ಬಾಗಿಲಲ್ಲಿ ಬಿಟ್ಟರೆ ಒಳಗೆ ಹಾಕಿಕೊಳ್ಳಲು ಬೇರೆ ಕೊಡುತ್ತಾರೆ. "ಮಿರ್ ಸೆ ಎರ್ಧೆತ್" ಎಂದು ಬರಮಾಡಿಕೊಂಡಾಗ "ಮಿರ್ ಸೆ ಯು ಗ್ಯೆತಾ" ಅನ್ನಬೇಕು. ನೀರು, ಕಾಫಿ, ರಾಕಿ, ಜೊತೆಗೆ ಗ್ಲಿಕೊ ಬರುತ್ತದೆ: ಸಕ್ಕರೆ ಪಾಕದಲ್ಲಿ ಬೇಯಿಸಿದ ಅಂಜೂರ, ಚೆರ್ರಿ ಅಥವಾ ಎಳೇ ಆಕ್ರೋಟ, ಒಂದು ಚಮಚ. ರಾಕಿ ಬೇಡದವರು ಮೊದಲ ಲೋಟಕ್ಕೇ ಬೇಡ ಅನ್ನಿ, ಯಾರೂ ತಪ್ಪು ತಿಳಿಯುವುದಿಲ್ಲ. ಗ್ಲಿಕೊ ಮಾತ್ರ ಬಿಡಬೇಡಿ, ಆ ಮನೆಯವರು ಬೇಸಿಗೆಯಲ್ಲಿ ಒಲೆಯ ಮುಂದೆ ನಿಂತು ಮಾಡಿಟ್ಟದ್ದು.